ಕುರುಗೋಡು ಗುಡ್ಡದ ದೈತ್ಯ ಇಲಿ

ಸುಳ್ಳು ಸುದ್ದಿಯನ್ನು ವಾಸನೆಯಿಂದಲೇ ಹಿಡಿಯಬಲ್ಲವರು ಬಳ್ಳಾರಿಯಲ್ಲಿ ಯಾರಾದರೂ ಇದ್ದರೆ ಅದು ನಾನೇ ಎಂದು ನಂಬಿದ್ದ ಕಾಲವೊಂದಿತ್ತು. ಹೋದ ತಿಂಗಳವರೆಗೂ ಇತ್ತು! ಶಾಲೆಯಲ್ಲಿ ಸಮಾಜ ಪಾಠ ಮಾಡುವ ನಾನು, ಸುಳ್ಳು ಸುದ್ದಿ ಪತ್ತೆಹಚ್ಚಲೆಂದೇ ತರಬೇತಿ ಪಡೆದು, ಭಾನುವಾರಗಳಂದು ಬಸ್ಸು ಹತ್ತಿ ಕುರುಗೋಡಿಗೆ ಹೋಗುತ್ತಿದ್ದೆ. ಮೊಬೈಲಿಗೆ ಬಂದ ಸುದ್ದಿಯನ್ನು ನಂಬುವ ಮೊದಲು ವಿಚಾರಿಸುವುದು ಹೇಗೆಂದು ಅಲ್ಲಿನ ಮಹಿಳಾ ಸಂಘದವರಿಗೆ ಕಲಿಸುತ್ತಿದ್ದೆ. ಯಾರು ಹೇಳಿದರು, ಅವರು ಕಣ್ಣಾರೆ ಕಂಡರೇ, ಬೇರೆ ಯಾರನ್ನಾದರೂ ಕೇಳಿದಿರಾ ಎಂದು ಮೇಜು ಕುಟ್ಟಿ ಕುಟ್ಟಿ ಹೇಳುತ್ತಿದ್ದೆ.

ಒಂದು ಸಂಜೆ ಸಂಘದ ಈರಮ್ಮ ನನಗೊಂದು ವಾಯ್ಸ್ ಮೆಸೇಜು ಕಳಿಸಿ ಫೋನ್ ಮಾಡಿದರು.

"ಟೀಚರ್ರೀ, ಇದು ಖರೇನೇನ್ರಿ? ನಾಳೆ ನಸಿಕಿನ್ಯಾಗ ನಾವೆಲ್ಲಾ ಗುಡ್ಡದ ಬಾಜೂಕ ಮೆಣಸಿನಕಾಯಿ ಬಿಡಿಸಾಕ ಹೋಗಬೇಕ್ರಿ."

ಕೇಳಿದೆ. ತೆಲುಗು! "ಗುಟ್ಟಮೀದ ಎಲುಗು ಉಂದಿ, ಪೊದ್ದುನ್ನೇ ಚೇನುಕು ಪೋವದ್ದು" ಎಂದು ಯಾರೋ ಕೂಗುತ್ತಿದ್ದ. ಬಳ್ಳಾರಿಯಲ್ಲಿ ಹುಟ್ಟಿ ತೆಲುಗು ಬರುವುದಿಲ್ಲ ಎಂದರೆ ಜನ ನಗುತ್ತಾರೆ. ಹಾಗಾಗಿ ಬರುತ್ತದೆ ಎಂದೇ ಹೇಳಿಕೊಂಡು ಬಂದಿದ್ದೆ. ತೆಲುಗಿನಲ್ಲಿ ಇಲಿಗೆ ಎಲುಕ ಎನ್ನುತ್ತಾರೆಂದು ನನಗೆ ಚೆನ್ನಾಗಿ ಗೊತ್ತು. ಗುಡ್ಡದ ಮೇಲೆ ಇಲಿ ಇದೆ, ಬೆಳಿಗ್ಗೆ ಹೊಲಕ್ಕೆ ಹೋಗಬೇಡಿ! ಇಲಿಗೆ ಹೆದರಿ ಹೊಲ ಬಿಡುವವರುಂಟೇ? ಇವನು ಯಾವುದೋ ದೈತ್ಯ ಇಲಿಯ ಕತೆ ಕಟ್ಟುತ್ತಿದ್ದಾನೆ ಎಂದು ತೀರ್ಮಾನಿಸಿದೆ. ನಮ್ಮ ಮನೆಯವರು ಸಿರುಗುಪ್ಪದವರು, ತೆಲುಗು ಅವರಿಗೆ ನೀರು ಕುಡಿದಷ್ಟು ಸುಲಭ. ಅವರನ್ನು ಒಂದು ಮಾತು ಕೇಳಬಹುದಿತ್ತು. ಆದರೆ ಗಂಡನನ್ನು ಕೇಳಿ ತಿಳಿದುಕೊಂಡರೆ ತರಬೇತಿಯ ಮರ್ಯಾದೆ ಏನಾಗಬೇಕು!

"ಶುದ್ಧ ಸುಳ್ಳು ಈರಮ್ಮ, ನಿಶ್ಚಿಂತೆಯಿಂದ ಹೋಗ್ರಿ" ಎಂದೆ. ಅಷ್ಟಕ್ಕೇ ಸುಮ್ಮನಾದೆನೇ? ಇದ್ದಬದ್ದ ಗ್ರೂಪುಗಳಿಗೆಲ್ಲ ಪ್ರಕಟಣೆ ಹೊರಡಿಸಿದೆ: "ಕುರುಗೋಡು ಗುಡ್ಡದಲ್ಲಿ ದೈತ್ಯ ಇಲಿ ಇದೆ ಎಂಬುದು ಸುಳ್ಳು ಸುದ್ದಿ. ಸಾರ್ವಜನಿಕರು ಧೈರ್ಯವಾಗಿ ಹೊಲಕ್ಕೆ ಹೋಗಬಹುದು."

ಮರುದಿನ ಬೆಳಕು ಹರಿಯುವ ಮೊದಲೇ ಸಿರುಗುಪ್ಪದಿಂದ ಅತ್ತೆಯ ಫೋನು.

"ಏನವಾ, ಕುರಿಯಷ್ಟು ದೊಡ್ಡ ಇಲಿ ಬಂದೈತಂತ! ಮನ್ಯಾಗ ಭತ್ತದ ಚೀಲ ಅದಾವ. ಎಲ್ಲಿಡ್ಲಿ?"

"ಯಾರು ಹೇಳಿದ್ರು ಅತ್ತೀ?"

"ಯಾರೋ ಟೀಚರ್ ಬರದಾಳಂತ!"

ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ನಮ್ಮವರು ವಿಷಯವೇನೆಂದು ಕೇಳಿ, ಆ ವಾಯ್ಸ್ ಮೆಸೇಜನ್ನು ಹಾಕಿಸಿದರು. ಮೊದಲು ಚಹಾ ಮೂಗಿಗೆ ಹತ್ತುವಂತೆ ನಕ್ಕರು. ಆಮೇಲೆ ನಗು ನಿಂತಿತು.

"ಎಲುಕ ಅಲ್ಲಲೇ, ಎಲುಗು! ಎಲುಗು ಅಂದ್ರ ಕರಡಿ!"

ಅಷ್ಟೂ ಹೆಂಗಸರನ್ನು ಧೈರ್ಯ ಹೇಳಿ ಕರಡಿಯ ಎದುರಿಗೆ ಕಳಿಸಿದವಳು ನಾನು! ಈರಮ್ಮನಿಗೆ ಫೋನ್ ಹಚ್ಚಿದರೆ ಎತ್ತಲಿಲ್ಲ. ನೈಟಿಯ ಮೇಲೊಂದು ವೇಲು ಹೊದ್ದು ಬೈಕಿನ ಹಿಂದೆ ಕೂತವಳು, ಕುರುಗೋಡು ಮುಟ್ಟುವವರೆಗೂ "ಜೋರಾಗಿ ಹೊಡೀರಿ" ಎನ್ನುತ್ತಲೇ ಇದ್ದೆ. ಅವರ ಬೆನ್ನಿಗೆ ಗುದ್ದಿದ್ದೂ ನೆನಪಿದೆ.

ಹೋಗಿ ನೋಡಿದರೆ, ಸಂಘದವರೆಲ್ಲ ಈರಮ್ಮನ ಮನೆಯ ಕಟ್ಟೆಯ ಮೇಲೆ ಕುಳಿತು ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ತಿನ್ನುತ್ತಿದ್ದಾರೆ!

"ಅದು ಕರಡಿ! ಕರಡಿ ಐತಿ!" ಎಂದು ಕಿರುಚಿದೆ.

"ಗೊತ್ತೈತಿ ಬರ್ರಿ ಟೀಚರ್, ಮಿರ್ಚಿ ತಿನ್ರಿ" ಎಂದರು ಈರಮ್ಮ. "ಮೊಬೈಲು ಒಳಗ ಚಾರ್ಜಿಗೆ ಹಾಕೀನ್ರಿ."

"ಅಲ್ಲಾ, ನಾನು ಸುಳ್ಳು ಅಂತ ಹೇಳಿದ್ನಲ್ಲ?"

"ಹೇಳಿದ್ರಿ. ಆದ್ರ ನೀವೇನು ಕಣ್ಣಾರ ನೋಡಿದ್ರೇನ್ರಿ? ಬಳ್ಳಾರ್ಯಾಗ ಕುಂತು ಹೇಳಿದ್ರಿ. ಅದಕ್ಕ ಗುಡ್ಡದ ಬಾಜೂಕ ತೋಟ ಮಾಡೋ ನನ್ನ ತಮ್ಮಗ ಕೇಳಿದ್ವಿ. ಫಾರೆಸ್ಟ್‌ನೋರಿಗೂ ಕೇಳಿದ್ವಿ. ಇಬ್ರೂ ಹೌದಂದ್ರು, ಮನ್ಯಾಗ ಕುಂತ್ವಿ!"

ನನ್ನ ಮಾತನ್ನು ಒಬ್ಬರೂ ನಂಬಿರಲಿಲ್ಲ! ಒಬ್ಬರೆಂದರೆ ಒಬ್ಬರೂ! ಸಂತೋಷ ತಡೆಯಲಾರದೆ ಈರಮ್ಮನನ್ನು ಅಪ್ಪಿಕೊಂಡು ಅತ್ತುಬಿಟ್ಟೆ. ಯಾವ ಮೇಷ್ಟ್ರಿಗೆ ಇಂಥ ಫಲಿತಾಂಶ ಸಿಕ್ಕಿದೆ ಹೇಳಿ? ನಮ್ಮವರು ಮಾತ್ರ ಬೆನ್ನು ನೀವಿಕೊಳ್ಳುತ್ತಾ ನಾಲ್ಕನೇ ಮಿರ್ಚಿಗೆ ಕೈ ಹಾಕಿದ್ದರು.

ಪ್ರತಿ ಪಾಠಕ್ಕೂ ಒಂದು ಸುಳ್ಳು ಸುದ್ದಿಯ ಉದಾಹರಣೆ ಹುಡುಕುವುದೇ ನನಗೆ ದೊಡ್ಡ ತಲೆನೋವಾಗಿತ್ತು. "ಈ ಭಾನುವಾರ ಹುಡುಕಬ್ಯಾಡ್ರಿ ಟೀಚರ್," ಎಂದರು ಈರಮ್ಮ, "ನಿಮ್ಮ ಇಲೀನ ಐತಲ್ರಿ!"

ಆ ಭಾನುವಾರದ ಪಾಠ ಬಹಳ ಚೆನ್ನಾಗಿ ನಡೆಯಿತು. ಸುಳ್ಳು ಬರೆದವಳು ಎದುರಿಗೇ ನಿಂತಿದ್ದಳಲ್ಲ!