ನಮ್ಮ ಹುಡುಗಿಯರ ಕಬಡ್ಡಿ, ನಾನು ಹಾಕಿದ ಸುಣ್ಣ

ಹುಡುಗರಿಗೆ ಏನಾದರೂ ಕಲಿಸಲು ಹೊರಟರೆ ಒಂದಿಲ್ಲ ಒಂದು ಫಜೀತಿ ಆಗಿಯೇ ಆಗುತ್ತದೆ. ಮೊದಲೆಲ್ಲ ಇಂಥದ್ದು ಏನಾದರೂ ಆದರೆ ಮನೆಗೆ ಬಂದು ಹೆಂಡತಿಗೆ ಹೇಳುತ್ತಿದ್ದೆ. ಆಕೆ ಹೋಗಿ ವರ್ಷ ಆಯಿತು. ಅದಕ್ಕೆ ಈಗ ಬರೆದಿಡುತ್ತೇನೆ. ಓದಿದ್ದು ನಾಲ್ಕನೇ ಇಯತ್ತೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಗದ್ದೆ

ದಾಂಡೇಲಿಯ ನಮ್ಮ ಓಣಿಯ ಮೈದಾನದಲ್ಲಿ ಒಬ್ಬ ಮೇಡಂ ಹುಡುಗಿಯರಿಗೆ ಸಂಜೆ ಕಬಡ್ಡಿ ಕಲಿಸುತ್ತಾರೆ. ಐತವಾರ ಊರ ಸೇವೆ ಮಾಡಿಸುತ್ತಾರೆ. ನಾನು ಗಿರಣಿ ಕೆಲಸದಿಂದ ನಿವೃತ್ತ. ಸಂಜೆ ಕಟ್ಟೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದೆ. ಮೇಡಂ ಬಂದು ಸುಣ್ಣದ ಬುಟ್ಟಿ ಕೈಗೆ ಕೊಟ್ಟರು.

"ಗೆರಿ ಹಾಕ್ರಿ ಅಜ್ಜಾರ."

ನಾನು ಹೆಜ್ಜೆ ಅಳತೆಯಲ್ಲಿ ಹಾಕಿದೆ. ನನ್ನ ಕಾಲು ಉದ್ದ. ಹುಡುಗಿಯರು ಆ ಕಡೆ ಹೋಗಿ ಈ ಕಡೆ ಬರುವುದರೊಳಗೆ ದಮ್ಮು ಮುಗಿದು ಕೂತುಬಿಟ್ಟರು. ಮೇಡಂ ಟೇಪು ಹಿಡಿದು ನೋಡಿದರು.

"ಇದು ಅಂಕಣ ಅಲ್ಲರಿ ಅಜ್ಜಾರ, ಗದ್ದಿ!"

"ಹಂಗಾರ ಇವತ್ತ ಆಟ ಬ್ಯಾಡ್ರಿ, ಬಿತ್ತಿ ಬಿಡೂಣು" ಅಂದೆ.

ಮರುದಿನ ಟೇಪು ನನ್ನ ಕೈಗೇ ಬಂತು.

ಕಸ

ಅದೇ ಹೊತ್ತಿಗೆ ಹುಡುಗರ ಕ್ರಿಕೆಟ್ಟಿನವರೂ ಮೈದಾನ ಕೇಳಿದರು. ಓಣಿಯ ಹಿರಿಯರು ಪಂಚಾಯ್ತಿ ಮಾಡಿದರು. "ಹಳಿಯಾಳದ ಪಂದ್ಯಾವಳಿಯೊಳಗ ಹುಡುಗ್ಯಾರು ಒಂದ್ ಮ್ಯಾಚರೆ ಗೆದ್ರ ಸಂಜಿ ಮೈದಾನ ಅವರಿಗೆ. ಇಲ್ಲಂದ್ರ ಕ್ರಿಕೆಟ್ಟಿಗೆ." ನಮ್ಮ ಹುಡುಗಿಯರು ಅಲ್ಲಿಯ ತನಕ ಒಂದೂ ಗೆದ್ದಿರಲಿಲ್ಲ. ಕ್ಯಾಪ್ಟನ್ ಹುಡುಗಿ ಗ್ಯಾರೇಜಿನ ಮಿಸ್ತ್ರಿಯ ಮಗಳು. ಆಕೆ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಬೇಸರ ಹೋಗಲಿ ಎಂದು ಮೇಡಂ ಎಲ್ಲರನ್ನೂ ಮುಂಡಗೋಡ ಕಡೆ ಅತ್ತಿವೇರಿ ಪಕ್ಷಿಧಾಮಕ್ಕೆ ಕರೆದೊಯ್ದರು. ಕೆಲಸ, ಪ್ಲಾಸ್ಟಿಕ್ ಆರಿಸುವುದು. ಹುಡುಗಿಯರು ಎಂಥ ಚೊಕ್ಕ ಆರಿಸಿದರೆಂದರೆ, ಹುಬ್ಬಳ್ಳಿ ಕಡೆಯ ಗಂಡ ಹೆಂಡತಿ ಬುತ್ತಿ ಚೀಲವನ್ನು ಬೆಂಚಿನ ಮೇಲಿಟ್ಟು ಹಕ್ಕಿ ನೋಡಿ ಬರುವುದರೊಳಗೆ ಅದೂ ಕಸದ ಗೋಣಿಯಲ್ಲಿ.

"ನಮ್ಮ ಬುತ್ತಿ ಎಲ್ಲೆವಾ?" ಅಂದರು ಗಂಡ.

ಕ್ಯಾಪ್ಟನ್ ಗೋಣಿ ತೋರಿಸಿದಳು. "ಯಾರೂ ಇಲ್ಲದ ಚೀಲ ಕಂಡ್ರ ಕಸ ಅಂತ ತಿಳೀರಿ ಅಂತ ಮೇಡಂ ಹೇಳ್ಯಾರ್ರಿ."

ಮಾನ ಹೋದಂತಾಯಿತು. ನಮ್ಮ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಅವರಿಗೆ ಬಡಿಸಿದೆವು. ಹೆಂಡತಿ ಕೈ ತೊಳೆಯಲು ಹೋದಾಗ ಗಂಡ ನನ್ನ ಕಿವಿಯ ಹತ್ತಿರ ಬಂದರು.

"ಅಜ್ಜಾರ, ಮುಂದಿನ ಐತವಾರನೂ ಕಸಾ ಆರಸಾಕ ಬರ್ತೀರೇನು?"

ಬಸ್ಸು

ಹಳಿಯಾಳಕ್ಕೆ ಮುಂಚೆ ಒಂದು ತಾಲೀಮಿನ ಮ್ಯಾಚು ಬೇಕಿತ್ತು. ಜೋಯಿಡಾದ ಕುಂಬಾರವಾಡಕ್ಕೆ ಹೋದೆವು. ಅಲ್ಲಿಯ ಹುಡುಗಿಯರು ಗುಡ್ಡ ಹತ್ತಿ ಇಳಿದು ಬೆಳೆದವರು. ಆದರೂ ಅವತ್ತು ನಾವು ಎರಡು ಪಾಯಿಂಟು ಮುಂದಿದ್ದೆವು. ಕ್ಯಾಪ್ಟನ್ ಮುಖದಲ್ಲಿ ಕಳೆ ಬಂದಿತ್ತು.

ಆಗ ಬಸ್ಸಿನ ಹಾರ್ನು ಕೇಳಿತು. ಸಂಜೆಗೆ ಇರುವುದು ಅದೊಂದೇ. ಅದು ಹೋದರೆ ರಾತ್ರಿ ಅಲ್ಲೇ.

ನಮ್ಮ ಆರು ಹುಡುಗಿಯರು ಗೆರೆ ದಾಟಿ ಓಡಿದರು. ಮೇಡಂ ಓಡಿದರು. ನಾನೂ ಓಡಿದೆ. ಕ್ಯಾಪ್ಟನ್ ಎದುರಿನವರ ಅಂಕಣದಲ್ಲಿ ದಾಳಿಯಲ್ಲಿದ್ದಳು. ದಮ್ಮು ಬಿಟ್ಟರೆ ಔಟ್. ದಮ್ಮು ಬಿಡದೆ ಹಾಗೇ ಓಡಿ ಬಂದು ಬಸ್ಸು ಹತ್ತಿದಳು.

"ಎಲ್ಲಿಗವಾ?" ಅಂದ ಕಂಡಕ್ಟರ್.

"ಕಬಡ್ಡಿ ಕಬಡ್ಡಿ ಕಬಡ್ಡಿ ದಾಂಡೇಲಿ!"

ಅಂಕಣ ಬಿಟ್ಟಿದ್ದಕ್ಕೆ ಅಂಪೈರು ನಮ್ಮ ಏಳೂ ಮಂದಿಯನ್ನು ಔಟ್ ಕೊಟ್ಟರು. ಸೋತೆವು. ಅವರ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ. ಅವರೂ ದಾಂಡೇಲಿಯವರು. ಔಟ್ ಕೊಟ್ಟಿದ್ದು ನಮ್ಮ ಹಿಂದಿನ ಸೀಟಿನಿಂದ.

ಹಳಿಯಾಳ

ಪಂದ್ಯಾವಳಿಯ ಮುಂಚಿನ ವಾರ ಮೇಡಂ ಆಟದ ಜೊತೆಗೆ ಪ್ರಥಮ ಚಿಕಿತ್ಸೆ ಕಲಿಸಿದರು. ಬಿದ್ದವರನ್ನು ನಾಲ್ವರು ಕೂಡಿ ಹೆಂಗೆ ಎತ್ತಬೇಕು ಎನ್ನುವುದು. ರೋಗಿ ನಾನು.

"ಬೀಳ್ರಿ ಅಜ್ಜಾರ" ಅನ್ನುವರು. ಬೀಳುತ್ತಿದ್ದೆ. "ಎಲ್ಲೆ ನೋವಾಗೇತ್ರಿ?" ಅನ್ನುವರು. ಎಲ್ಲಿ ಅಂತ ಹೇಳಲಿ. ಮೊಣಕಾಲು ಅಂದೆ. ಮೊಣಕಾಲಿಗೇ ಪಟ್ಟಿ ಕಟ್ಟಿದರು. ಒಂದು, ಎರಡು, ಮೂರು ಎಂದು ಎತ್ತಿ ನೆರಳಿಗೆ ಹಾಕಿದರು. ಹಿಂಗೆ ದಿನಕ್ಕೆ ಹತ್ತು ಸಲ.

ಹಳಿಯಾಳದಲ್ಲಿ ನಮಗೆ ಗಂಟುಬಿದ್ದವರು ತೇರಗಾಂವದವರು. ಕಬ್ಬು ಕಡಿದ ಕೈಗಳು. ಆದರೂ ನಮ್ಮವರು ಬಿಡಲಿಲ್ಲ. ಕಡೆಯ ನಿಮಿಷಕ್ಕೆ ಸಮ ಸಮ. ದಾಳಿ ಅವರದು. ಈ ಮ್ಯಾಚು ಹೋದರೆ ಮೈದಾನವೂ ಹೋಯಿತು. ಗೆರೆಯ ಹೊರಗೆ ನಿಂತು ಮಿಸ್ತ್ರಿ ಮಗಳಿಗೆ ಹಿಡಿ, ಹಿಡಿ ಎಂದು ಹಿಂದಿಯಲ್ಲಿ ಕೂಗುತ್ತಿದ್ದ. "ಪಕಡೋ ಬೇಟಾ, ಪಕಡೋ!"

ಅವರ ಹುಡುಗಿ ಎಮ್ಮೆಯ ಹಾಗೆ ನುಗ್ಗಿದಳು. ನಮ್ಮ ಒಬ್ಬಳನ್ನು ಮುಟ್ಟಿಯೂ ಬಿಟ್ಟಳು. ತಿರುಗುವಾಗ ಕಾಲು ಜಾರಿ ದೊಪ್ಪನೆ ಬಿದ್ದಳು.

ಆಗ ಹಿಡಿಯಬೇಕು. ನಮ್ಮವರು ಹಿಡಿಯಲಿಲ್ಲ. ಆಟ ಮರೆತು ಪಾಠ ನೆನಪಾಯಿತು. ಕ್ಯಾಪ್ಟನ್ ಒದರಿದಳು, "ಬಿದ್ಲು! ಎತ್ರಿ!"

ಇಬ್ಬರು ಭುಜಕ್ಕೆ, ಇಬ್ಬರು ಕಾಲಿಗೆ. ಒಂದು, ಎರಡು, ಮೂರು. ಹುಡುಗಿ ಮೇಲೆ.

"ಬಿಡ್ರೇ! ನನಗೇನೂ ಆಗಿಲ್ಲ!"

"ಮಾತಾಡಬ್ಯಾಡವಾ. ದಮ್ಮು ಉಳಿಸ್ಕೋ" ಅಂದಳು ಕ್ಯಾಪ್ಟನ್.

ದಮ್ಮು ಆಗಲೇ ಹೋಗಿತ್ತು. ಅಂಪೈರು ಸೀಟಿ ಊದಿದರು. ಹಿಡಿದದ್ದು ಹಿಡಿದದ್ದೇ, ಪಾಯಿಂಟು ದಾಂಡೇಲಿಗೆ, ಆಟ ಮುಗಿಯಿತು. ನಮ್ಮವರಿಗೆ ಅದು ಕೇಳಿಸಲೇ ಇಲ್ಲ. ಪೇಶಂಟನ್ನು ಹೊತ್ತು, ಮೈದಾನದ ಅಂಚಿಗೆ ಹಾಕಿದ್ದ ನರ್ಸಮ್ಮನ ಡೇರೆಯ ಕಡೆ ನಡೆದಿದ್ದರು. ಮಿಸ್ತ್ರಿ ಹಿಂದೆ ಓಡಿದ.

"ಅರೆ, ಎಲ್ಲಿಗೆ ಒಯ್ತೀರೇ? ಗೆದ್ದೀರಿ! ಮೈದಾನ ನಿಮ್ದು!"

"ಗೆದ್ವೀ?" ಅಂದರು ನಾಲ್ವರೂ. ನಾಲ್ವರೂ ಕೂಡಿಯೇ ಕೈ ಬಿಟ್ಟು ಚಪ್ಪಾಳೆ ಹೊಡೆದರು.

ಹುಡುಗಿ ಬಿದ್ದಳು. ಪೆಟ್ಟಾಗಿದ್ದು ಆವಾಗ.

"ಅಯ್ಯ, ಬಿದ್ಲು! ಎತ್ರಿ!" ಎಂದು ನಮ್ಮವರು ಮತ್ತೆ ಬಗ್ಗಿದರು. ಆ ಹುಡುಗಿ ಎದ್ದು ಓಡಿದಳು ನೋಡಿ, ಅಂಕಣ ದಾಟಿ, ಡೇರೆ ದಾಟಿ, ರಸ್ತೆಯ ತನಕ. ಅದೇ ಓಟ ಎರಡು ನಿಮಿಷ ಮೊದಲು ಓಡಿದ್ದರೆ ನಾವು ಸೋಲುತ್ತಿದ್ದೆವು.