ಗಾಜು ಗುರುತಿಸದ ಬೆರಳು

ಎರಡು ಫಾಯಿಲ್ ಸುರುಳಿ ಕಾಣೆಯಾದ ಸುದ್ದಿ ಬೆಳಿಗ್ಗೆಯೇ ಪ್ರೆಸ್ಸಿನ ಎಲ್ಲರ ಕಿವಿ ಮುಟ್ಟಿತ್ತು. ಪುಸ್ತಕದ ರಟ್ಟಿನ ಮೇಲೆ ಹೆಸರೊತ್ತುವ ಬಂಗಾರ ಬಣ್ಣದ ಫಾಯಿಲ್ ಅದು. ಇಟ್ಟಿದ್ದ ಹೊಸ ಕಪಾಟಿಗೆ ಬೀಗದ ಕೈ ಇಲ್ಲ. ಗಾಜಿನ ಮೇಲಿನ ಅಂಕಿಗಳನ್ನು ಬೆರಳಿನಿಂದ ಮುಟ್ಟಿದರೆ ತೆರೆಯುತ್ತದೆ. ಅಂಕಿ ಎಲ್ಲರಿಗೂ ಗೊತ್ತು. ನಿನ್ನೆ ಕೊನೆಗೆ ಹೊರಟವರು ಮಾತ್ರ ಬೈಂಡರ್ ಮಾವ.

ಇಪ್ಪತ್ತೆರಡು ವರ್ಷದಿಂದ ಅಲ್ಲೇ ರಟ್ಟು ಕಟ್ಟುತ್ತಿರುವವರು. ನೇರವಾಗಿ ಯಾರೂ ಏನೂ ಅನ್ನಲಿಲ್ಲ. ಪ್ರೂಫ್ ನೋಡುವ ಅಕ್ಕ ಮಾತ್ರ ಅವರ ಊಟದ ಚೀಲವನ್ನು ಕಾಗುಣಿತದ ತಪ್ಪು ಹುಡುಕುವಂತೆ ನೋಡಿದಳು.

"ಅಲ್ಲಮ್ಮಾ, ಆ ಗಾಜು ನನ್ ಬೆರಳಿಗೆ ಓಗೊಡೋದೇ ಇಲ್ಲ. ಆರು ತಿಂಗಳಿಂದ ನೀನೇ ತಾನೆ ತೆಗೆದುಕೊಡ್ತಿರೋದು?" ಎಂದರು ಮಾವ.

"ಅದೇ ಅನುಮಾನ ಮಾವ. ನಮ್ಮೆಲ್ಲರಿಗೂ ತೆರೆಯುತ್ತೆ, ನಿಮಗೊಬ್ಬರಿಗೆ ಯಾಕಿಲ್ಲ?"

ಮ್ಯಾನೇಜರು ಬೀಗದವನನ್ನು ಕರೆಸಿದರು. ಅವನು ಮಾವನ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದ.

"ಇದು ಒತ್ತಿದ್ದಕ್ಕೆ ತೆರೆಯೋದಲ್ಲ ಸಾರ್. ಗಾಜಿನ ಹಿಂದೆ ಒಂಚೂರು ವಿದ್ಯುತ್ತು ಕೂತಿರುತ್ತೆ. ನಮ್ಮ ಮೈಗೂ ವಿದ್ಯುತ್ತು ಹಿಡಿದಿಟ್ಕೊಳ್ಳೋ ಗುಣ ಇದೆ. ಬೆರಳು ಬಂದ್ರೆ ಅಲ್ಲಿ ವ್ಯತ್ಯಾಸ ಆಗುತ್ತೆ, ಅದು ಗೊತ್ತಾಗಿ ತೆರೆಯುತ್ತೆ. ಇವರ ಬೆರಳು ಒಣಗಿ ಕೊರಡಾಗಿದೆ, ಮೇಲೆ ಅಂಟಿನ ಪದರ ಬೇರೆ. ಗಾಜಿಗೆ ಇವರು ಬಂದಿದ್ದೇ ಗೊತ್ತಾಗಲ್ಲ."

ಮಾವನಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಮೆಷಿನ್ ನಡೆಸುವವನು ಗಂಟಲು ಸರಿಮಾಡಿಕೊಂಡ. "ಅಂಟು ಬೇಕಂತಲೇ ಮೆತ್ಕೊಂಡಿದ್ರೆ?"

"ಕೈ ತೊಳ್ಕೊಂಡು ಬನ್ನಿ," ಎಂದರು ಮ್ಯಾನೇಜರು.

ನಲ್ಲಿಯ ಬಳಿ ಮೂವರ ಕಾವಲು. ಬಿಸಿನೀರು, ಸೋಪು, ಪಾತ್ರೆ ಉಜ್ಜುವ ಬ್ರಷ್ಷು. ಬೆರಳುಗಳು ಆಗ ತಾನೇ ಹುಟ್ಟಿದ ಇಲಿಮರಿಗಳಂತೆ ಕೆಂಪಾದವು. ತೊಳೆದರೂ ತೆರೆಯದೆಂಬ ಧೈರ್ಯದಲ್ಲಿ ಮಾವ ಎದೆಯುಬ್ಬಿಸಿ ಬಂದು, ನಾಲ್ಕು ಅಂಕಿಗಳನ್ನು ಮುಟ್ಟಿದರು.

ಟಿಕ್ ಎಂದಿತು. ಬಾಗಿಲು ತೆರೆದುಕೊಂಡಿತು.

ಮ್ಯಾನೇಜರು ಮುಖ ಗಂಟಿಕ್ಕಿಕೊಂಡು ಮೇಲಿನ ಅರೆಗೆ ಕೈಹಾಕಿ ರಟ್ಟಿನ ಕಟ್ಟನ್ನು ಎಳೆದರು. ಹಿಂದಿನಿಂದ ಎರಡೂ ಸುರುಳಿಗಳು ಉರುಳಿ ಬಂದವು. ನಿನ್ನೆ ಅವನ್ನು ಅಲ್ಲಿಟ್ಟದ್ದು ತಾವೇ ಎಂದು ನೆನಪಾಗಿ ಅವರ ಕಿವಿ ಕೆಂಪಾಯಿತು.

"ಕಳ್ಳತನ ಆಗಿಲ್ಲ, ಸಂತೋಷ," ಎಂದರು. "ಆದ್ರೆ ನಿಮ್ಮ ಬೆರಳಿಗೂ ತೆರೆಯುತ್ತಲ್ಲ ಇದು? ಆರು ತಿಂಗಳು ಈಯಮ್ಮನ ಕೈಲಿ ತೆಗೆಸಿದ್ರಲ್ಲ?"

"ಸಾರ್, ಈಗ ತೊಳೆದಿದ್ದಕ್ಕೇ..." ಎಂದು ಬೀಗದವನು ಶುರುಮಾಡಿದ. ಮ್ಯಾನೇಜರು ಕೈಯೆತ್ತಿ ತಡೆದರು.

"ಇನ್ಮೇಲೆ ಎಲ್ಲರಿಗೂ ಕಪಾಟು ತೆಗೆದುಕೊಡೋದು ನಿಮ್ಮ ಕೆಲಸ."

ಮಾವ ಕೈ ಒರೆಸಿಕೊಂಡು ತಿರುಗುವಷ್ಟರಲ್ಲಿ ಕಪಾಟಿನ ಮುಂದೆ ಆಗಲೇ ಮೂವರು ಸಾಲುಗಟ್ಟಿ ನಿಂತಿದ್ದರು.