ಹರಿಗೋಲಿಗೆ ಹಾಯಿಯಾದ ಮಡಿಪಂಚೆ

ಹೊಸಪೇಟೆಯಲ್ಲಿ ಹುಟ್ಟಿ ಬೆಳೆದವನಿಗೆ ಹಾಯಿದೋಣಿಯ ಹುಚ್ಚು ಇರಬಾರದು. ನನಗಿದೆ. ಸಮುದ್ರಕ್ಕೂ ನಮಗೂ ನಡುವೆ ಅರ್ಧ ಕರ್ನಾಟಕ ಅಡ್ಡ ಮಲಗಿದೆ. ನಮಗಿರುವುದು ತುಂಗಭದ್ರೆ, ಅದರ ಮೇಲೆ ಬುಟ್ಟಿಯಂತೆ ದುಂಡಗಿನ ಹರಿಗೋಲು. ಆದರೂ ಟೀವಿಯಲ್ಲಿ ಯಾರಾದರೂ ಹಾಯಿ ಬಿಚ್ಚಿ ದ್ವೀಪಕ್ಕೆ ಹೊರಟರೆ ಊಟದ ತಟ್ಟೆ ಹಿಡಿದುಕೊಂಡೇ ನಾನೂ ಹೊರಟುಬಿಡುತ್ತೇನೆ. ಅಂಥದೇ ಹುಮ್ಮಸ್ಸಿನಲ್ಲಿ ಹೆಂಡತಿ ಸುಧಾಗೆ ಮಾತು ಕೊಟ್ಟೆ: ಭಾನುವಾರ ಹಂಪಿಯ ಹೊಳೆಯಲ್ಲಿ ನೀರುನಾಯಿ ತೋರಿಸುತ್ತೇನೆ. ಮದುವೆಯಾದಾಗಿನಿಂದ ಹೀಗೇ ಹೇಳಿ ಕರೆದೊಯ್ದು ಪ್ರತಿ ಸಲವೂ ಬಂಡೆ ತೋರಿಸಿ ಕರೆತಂದಿದ್ದೆ.

"ಈ ಸಲ ಕಾಣ್ಲಿಲ್ಲಂದ್ರ ನೀರುನಾಯಿ ಅನ್ನೋ ಮಾತು ಮನಿಯೊಳಗ ಎತ್ತಬ್ಯಾಡ್ರಿ," ಎಂದಳು.

ಸುದ್ದಿ ಕೇಳಿ ಮಾವನವರೂ ಹೊರಟರು. ಅವರು ಅರ್ಚಕರು. ಹೊಳೆಯ ನಡುಗಡ್ಡೆಯಲ್ಲಿರುವ ಹನುಮಪ್ಪನಿಗೆ ಪೂಜೆ ಮಾಡುವ ಆಸೆ ಅವರದು. ದಡದಲ್ಲಿ ಮಿಂದು, ಪಂಚೆ ಒಗೆದು, ಅದನ್ನು ಉದ್ದನೆಯ ಮಡಿಕೋಲಿಗೆ ಕಟ್ಟಿಕೊಂಡು ಹರಿಗೋಲು ಹತ್ತಿದರು. ಪಂಚೆ ಒಣಗಬೇಕು, ಅದನ್ನುಟ್ಟು ಪೂಜೆಗೆ ಕೂರಬೇಕು, ಅಲ್ಲಿಯತನಕ ಮಗಳೂ ಅಳಿಯನೂ ಯಾರೂ ಅದನ್ನು ಮುಟ್ಟಬಾರದು. ಕೆಳಗೆಲ್ಲ ನೀರೇ ಇರುವುದರಿಂದ ಹರಿಗೋಲಿನಲ್ಲಿ ಮಡಿ ನಡೆಯುತ್ತದೆ ಎಂದು ತಾವೇ ತೀರ್ಪು ಕೊಟ್ಟು ಒಂದು ಅಂಚಿಗೆ ಕೂತರು. ನಾವಿಬ್ಬರೂ ಇನ್ನೊಂದು ಅಂಚಿಗೆ. ಹುಟ್ಟು ಹಾಕುವ ಹುಲುಗಪ್ಪ ನಡುವೆ.

ಹೊಳೆಯ ಮಧ್ಯಕ್ಕೆ ಬಂದಾಗ ಗಾಳಿ ಎದ್ದು ಪಂಚೆ ಉಬ್ಬಿತು. ಹನುಮಪ್ಪನ ಕಡೆ ಹೊರಟಿದ್ದ ಹರಿಗೋಲು ಗಿರಕಿ ಹೊಡೆಯುತ್ತ ಬೇರೆ ದಾರಿ ಹಿಡಿಯಿತು.

"ಸ್ವಾಮ್ಯಾರ, ಜಲ್ದಿ ಇಳಸ್ರಿ ಅದನ್ನ!" ಹುಲುಗಪ್ಪ ಕೂಗಿದ.

"ಇಳಿಸಿದ್ರ ನಿಮ್ಮ ಕಾಲಿಗೆ ತಾಗ್ತದಲ್ಲೋ ಮಾರಾಯಾ! ಇನ್ನೂ ಹಸೀ ಐತಿ!" ಎಂದರು ಮಾವ.

"ನಾ ಹಿಡೀಲೇನ್ರಿ?" ಎಂದೆ.

"ಅಳಿಯಂದ್ರ, ನಿಮ್ಮ ಕೈ ನಿಮ್ಮ ಹಂತ್ಯಾಕ ಇರ್ಲಿ!"

ನಾನು ಕೈಕಟ್ಟಿ ಕೂತೆ. ಒಳಗೊಳಗೇ ಕುಣಿಯುತ್ತಿದ್ದೆ. ನನ್ನ ಆಯುಷ್ಯದ ಹಾಯಿದೋಣಿ ಕಡೆಗೂ ಸಿಕ್ಕಿತ್ತು! ಅದು ಹೆಸರಿಲ್ಲದ ಪುಟ್ಟ ನಡುಗಡ್ಡೆಯೊಂದರ ಬಂಡೆಗೆ ತಾಗಿ ನಿಂತಿತು. ಜೊಂಡಿನ ಮೇಲೆ ಬೆಳ್ಳಕ್ಕಿ, ಬಿಸಿಲಿಗೆ ಮೈಯೊಡ್ಡಿದ ಆಮೆ. ಸುಧಾ ನನ್ನ ತೋಳು ಹಿಡಿದಳು. "ರೀ... ಅಲ್ನೋಡ್ರಿ!"

ನೀರುನಾಯಿಗಳು! ಅಪ್ಪ, ಅವ್ವ, ಮರಿಗಳು, ಇಡೀ ಸಂಸಾರ. ಮುಳುಗುತ್ತವೆ, ಏಳುತ್ತವೆ, ಬಂಡೆ ಹತ್ತಿ ಮೈ ಕೊಡವುತ್ತವೆ.

"ಎಷ್ಟು ಸಲ ಮುಳುಗ್ತಾವ ನೋಡ್ರಿ. ನನಗಿಂತ ಭಾಳ ಮಡಿ," ಎಂದರು ಮಾವ.

"ಮೀನು ತಿನ್ನಾಕ್ಹತ್ಯಾವಲ್ರಿ ಸ್ವಾಮ್ಯಾರ," ಎಂದ ಹುಲುಗಪ್ಪ.

"ಅದು ಅವ್ರ ಮನಿ ಪದ್ಧತಿ."

ನನಗೆ ಸಂತೋಷ ತಡೆಯಲಾಗಲಿಲ್ಲ. ಎದ್ದು ನಿಂತೆ. ಹರಿಗೋಲಿನಲ್ಲಿ ಏಳಬಾರದೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು, ನನಗೂ ಗೊತ್ತು. ಅದು ವಾಲಿತು. ಬೀಳುವವನು ಕೈಗೆ ಸಿಕ್ಕಿದ್ದನ್ನು ಹಿಡಿದೆ. ಸಿಕ್ಕಿದ್ದು ಪಂಚೆ.

ನೀರುನಾಯಿಗಳು ಬುಳುಂಕನೆ ಮಾಯವಾದವು. ಸುಧಾ ಹಣೆ ಚಚ್ಚಿಕೊಂಡಳು. ಮಾವನವರು ನನ್ನನ್ನೂ ಪಂಚೆಯನ್ನೂ ನೋಡಿ ಗಟ್ಟಿಯಾಗಿ ನಕ್ಕುಬಿಟ್ಟರು.

"ಆತು ಬಿಡ್ರಿ. ಮತ್ತ ಒಗ್ದು ಒಣಗಿಸ್ಬೇಕು. ಅಲ್ಲಿತನಕ ಇಲ್ಲೇ ಕುಂದ್ರೋಣು. ಅವೂ ಬರ್ತಾವ."

ಬಂದವು. ಪಂಚೆ ಒಣಗುವತನಕ ಬಂಡೆಯ ಮೇಲೆ ಕೂತು ಕಣ್ತುಂಬ ನೋಡಿದೆವು. ಸುಧಾ ಅಷ್ಟು ನಕ್ಕಿದ್ದನ್ನು ನಾನು ಕಂಡೇ ಇರಲಿಲ್ಲ. ಹನುಮಪ್ಪನಿಗೆ ಪೂಜೆ ತಡವಾಗಿ ಆಯಿತು, ಆದರೆ ಆಯಿತು.

ಸೋಮವಾರ ಆಫೀಸಿನಲ್ಲಿ ಹಾಯಿದೋಣಿಯ ದ್ವೀಪಯಾನವನ್ನು ಬಣ್ಣಿಸಿದೆ. "ಹಾಯಿ ಯಾರು ಹಿಡಿದಿದ್ರು?" ಎಂದು ಒಬ್ಬರು ಕೇಳಿದರು.

"ನಾನೇ," ಎಂದೆ. ಸುಳ್ಳೇನಲ್ಲ. ನಾನು ಹಿಡಿಯುವವರೆಗೆ ಪ್ರಯಾಣ ಬಹಳ ಚೆನ್ನಾಗಿತ್ತು.